ಸೀಟಿಗಾಗಿ ಹೊಲ ಅಡವಿಡಬೇಡಿ

ಫಲಿತಾಂಶ ಬಂತೆಂದರೆ ಹಳ್ಳಿಗಳಲ್ಲಿ ಹೊಲ ಅಡವಿಡುವ ಮಾತು ಶುರುವಾಗುತ್ತದೆ. ಅಂಕ ಸಾಧಾರಣವಾದರೂ ದುಡ್ಡು ಸುರಿದು ಪಟ್ಟಣದ ಖಾಸಗಿ ಕಾಲೇಜಿನಲ್ಲಿ ಮಗನಿಗೆ ಸೀಟು ಹಿಡಿಯುವ ಹಂಬಲ. ಇದು ಬೇಡ ಎಂಬುದೇ ನನ್ನ ಅಭಿಪ್ರಾಯ. ಕ್ಯಾಪಿಟೇಷನ್ ಶುಲ್ಕವನ್ನು ನಮ್ಮ ರಾಜ್ಯದ 1984ರ ಕಾಯ್ದೆಯೇ ನಿಷೇಧಿಸಿದೆ. ಪದವಿ ಬಂದರೂ ನೌಕರಿ ತಡವಾದೀತು. ಬಡ್ಡಿ ಮಾತ್ರ ಕಾಯುವುದಿಲ್ಲ.

ರೈತ ಬಂಧುಗಳೇ, ಮಣ್ಣು ನೋಡಿ ಬೀಜ ಆರಿಸುವ ನೀವು ಮಕ್ಕಳ ಒಲವು, ಮನೆಯ ಶಕ್ತಿ ನೋಡಿ ಕಾಲೇಜು ಆರಿಸಿ. ಎಸ್ಸೆಸ್ಸೆಲ್ಸಿ ಆದವರಿಗೆ ಕೃಷಿ ವಿಶ್ವವಿದ್ಯಾಲಯಗಳಲ್ಲಿ 2 ವರ್ಷದ ಕೃಷಿ ಡಿಪ್ಲೊಮಾ ಇದೆ; ಪಾಠ ಕನ್ನಡದಲ್ಲೇ. ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ 3 ವರ್ಷ ಓದಿ ಪಾಸಾದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ಸೇರಬಹುದು. ಮುಂಗಾರು ಕೈಕೊಟ್ಟವನಿಗೆ ಹಿಂಗಾರು ಸಿಕ್ಕಂತೆ. ಪಿಯುಸಿ ವಿಜ್ಞಾನ ಓದಿದವರಿಗೆ ಬಿ.ಎಸ್ಸಿ. ಕೃಷಿಯಲ್ಲಿ ಕೃಷಿಕರ ಕೋಟಾ ಉಂಟು. ಅದರ ಪ್ರಾಯೋಗಿಕ ಪರೀಕ್ಷೆಯಲ್ಲಿ ಹೊಲದ ಅರಿವಿಗೂ ಅಂಕ ಸಿಗುತ್ತದೆ.

ಸರ್ಕಾರಿ ಕಾಲೇಜೆಂದರೆ ಮೂಗು ಮುರಿಯುವವರುಂಟು. ದೂರದಿಂದ ತೀರ್ಮಾನ ಬೇಡ. ಹೋಗಿ ನೋಡಿ, ಅಲ್ಲಿ ಓದುತ್ತಿರುವವರನ್ನೇ ಕೇಳಿ. ಮೊದಲ ವರ್ಷದ ಶುಲ್ಕವಷ್ಟೇ ಅಲ್ಲ, ಹಾಸ್ಟೆಲ್, ಪುಸ್ತಕ, ಬಸ್ಸು ಎಲ್ಲ ಸೇರಿಸಿ ಕೋರ್ಸು ಮುಗಿಯುವವರೆಗಿನ ಖರ್ಚು ಬರೆದಿಡಿ. ಹೊಲ ಅಡವಿಡದೆ ಅದನ್ನು ತೂಗಿಸಬಹುದಾದರೆ ಸೇರಿಸಿ. ಮಗನಿಗಾಗಲಿ, ಮಗಳಿಗಾಗಲಿ ಇದೇ ಅಳತೆ.