ಸಭೆಗೆ ಹೋಗದೆ ಮಾಡಿದ ಸಹಿ



ಈ ಸಲದ ಸಂಪಾದಕೀಯವನ್ನು ನನ್ನದೊಂದು ತಪ್ಪಿನಿಂದಲೇ ಆರಂಭಿಸಬೇಕಾಗಿದೆ. ಎರಡು ವರ್ಷಗಳ ಹಿಂದೆ ಒಂದು ಸಂಜೆ ನಮ್ಮೂರ ಪಂಚಾಯತಿಯ ಬಿಲ್ ಕಲೆಕ್ಟರ್ ಹಾಜರಿ ಪುಸ್ತಕ ಹಿಡಿದು ಮನೆಗೆ ಬಂದ. "ವಾರ್ಡ್ ಸಭಾದ್ದು ರೀ ಸರ, ಒಂದು ಸಹಿ ಮಾಡ್ರಿ" ಎಂದ. ಸಭೆ ಎಂದು ನಡೆಯಿತು, ಎಲ್ಲಿ ನಡೆಯಿತು ಎಂದು ನಾನು ಕೇಳಲಿಲ್ಲ. ಪೂಜೆಗೆ ಹೊತ್ತಾಗಿತ್ತು. ನಿಂತ ಕಾಲಲ್ಲೇ ಸಹಿ ಹಾಕಿ, ಅವನಿಗೆ ಚಹಾ ಕುಡಿಸಿ ಕಳಿಸಿದೆ. ಆ ವರ್ಷ ನಮ್ಮ ಓಣಿಗೆ ಸಿಮೆಂಟ್ ರಸ್ತೆ ಬಂತು. ಕೆಳಗಿನ ಓಣಿಯವರು ಬಹಳ ದಿನದಿಂದ ಕೇಳುತ್ತಿದ್ದ ಗಟಾರು ಬರಲಿಲ್ಲ. ನಮ್ಮ ರಸ್ತೆ ಎತ್ತರವಾದದ್ದರಿಂದ ಮಳೆಗಾಲದಲ್ಲಿ ನಮ್ಮ ನೀರೂ ಇಳಿದು ಅವರ ಹೊಸ್ತಿಲಿಗೇ ಹೋಗಿ ನಿಂತಿತು.

ಮರುವರ್ಷ ಜಾತ್ರೆಯ ದಾಸೋಹದಲ್ಲಿ ನಾನು ಬಡಿಸುತ್ತಿದ್ದಾಗ ಆ ಓಣಿಯ ತಾಯಿಯೊಬ್ಬರು ಸೆರಗಿನ ಗಂಟಿನಿಂದ ಮಡಚಿದ ಕಾಗದ ತೆಗೆದು ತೋರಿಸಿದರು. ಕಾಲೇಜು ಓದುವ ಅವರ ಮಗ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತಂದ ಹಾಜರಿಯ ನಕಲು ಅದು. "ಸರ, ನಿಮ್ಮ ಸಹಿ ಅದ ಇದರಾಗ. ನೀವು ಹೋಗಿದ್ರೇನ್ರಿ ಸಭಾಕ್ಕ? ನಮಗ್ಯಾರೂ ಹೇಳಲೇ ಇಲ್ಲ." ನನ್ನ ಕೈಯಲ್ಲಿ ಹುಗ್ಗಿಯ ಬಕೆಟ್ಟಿತ್ತು. ಏನು ಹೇಳಲಿ?

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಎಷ್ಟು ವೇದಿಕೆಗಳ ಮೇಲೆ ಹೇಳಿದ್ದೇನೋ ಲೆಕ್ಕವಿಲ್ಲ. ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ತಂದಲ್ಲಿಗೇ ಸುರಿದು ಬಾ ಎಂದು ಕಳಿಸಿದ ತಾಯಿ ಆಕೆ. ನಮ್ಮ ಓಣಿಗೆ ಬಂದ ರಸ್ತೆ ಅಂಥ ಹೆಚ್ಚಿನ ಅಕ್ಕಿಯೇ ಆಗಿತ್ತು. ವ್ಯತ್ಯಾಸವೆಂದರೆ ಸಿಮೆಂಟನ್ನು ಮರಳಿ ಸುರಿಯಲು ಬರುವುದಿಲ್ಲ.

ಆಮೇಲೆ ನಾಚಿಕೆಯಿಂದಲೇ ಕಾನೂನು ಓದಲು ಕುಳಿತೆ. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾನೂನು 1993ರದು. ಅದರ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ಸೇರಬೇಕು. ಆ ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು. ಹತ್ತರಲ್ಲೊಂದು ಭಾಗ ಇಲ್ಲವೇ ಇಪ್ಪತ್ತು ಜನ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಕೂಡಿದರೆ ಕೋರಂ. ಬಂದವರಲ್ಲಿ ನೂರಕ್ಕೆ 30 ಮಂದಿ ಹೆಣ್ಣುಮಕ್ಕಳಿರಬೇಕು. ಪರಿಶಿಷ್ಟರು ತಮ್ಮ ಜನಸಂಖ್ಯೆಗೆ ತಕ್ಕಷ್ಟು ಇರಬೇಕು. ಕೇವಲ ಇಪ್ಪತ್ತು ಜನ! ನಮ್ಮ ಮಠದ ಜಾತ್ರೆಗೆ ರೊಟ್ಟಿ ಬಡಿಯಲು ಒಂದೊಂದು ಓಣಿಯಿಂದ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ. ಸಾವಿರಾರು ಜನರ ಪಂಕ್ತಿಯನ್ನು ಒಂದು ಎಲೆ ತಪ್ಪದಂತೆ ನಡೆಸಬಲ್ಲ ನಾವು ಇಪ್ಪತ್ತು ಜನರ ಸಭೆಯನ್ನು ಮನೆಮನೆಯ ಸಹಿಯಿಂದ ಮುಗಿಸುತ್ತಿದ್ದೇವೆ. ಇದು ಶಕ್ತಿಯ ಕೊರತೆ ಅಲ್ಲ, ಕಲಿಕೆಯ ಕೊರತೆ.

ಆರಿಸಿ ಬಂದ ಸದಸ್ಯರಿಗೆ ತರಬೇತಿ ಉಂಟು. ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನ ಸಂಸ್ಥೆಯೇ ಇದೆ. ಆದರೆ ಸಭೆಯಲ್ಲಿ ಎದುರಿಗೆ ಕೂರಬೇಕಾದ ನಮ್ಮಂಥವರ ಓಣಿಗೆ ಅಂಥ ಪಾಠ ಬಂದದ್ದನ್ನು ನಾನು ಕಂಡಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021ರಿಂದ 26ರವರೆಗೆ ನೂರಕ್ಕೆ 60ರಷ್ಟು ಕುಡಿಯುವ ನೀರಿಗೆ ಮತ್ತು ನೈರ್ಮಲ್ಯಕ್ಕೆಂದೇ ಕಟ್ಟಿಟ್ಟ ಹಣವಾಗಿತ್ತು. ನಮ್ಮ ಓಣಿಯಲ್ಲಿ ಇದು ಒಬ್ಬರಿಗೂ ಗೊತ್ತಿರಲಿಲ್ಲ; ನನಗೂ ಗೊತ್ತಿರಲಿಲ್ಲ.

ಇದನ್ನು ಕಲಿಸಲು ಮಠಕ್ಕಿಂತ ಒಳ್ಳೆಯ ಜಾಗ ಯಾವುದು ಎಂದು ತಿಂಗಳ ಶಿವಾನುಭವದಲ್ಲಿ ಕೇಳಿದೆ. "ಮಠದೊಳಗ ರಾಜಕೀಯ ಬ್ಯಾಡ" ಎಂದರು ಹಿರಿಯರೊಬ್ಬರು. ಚುನಾವಣೆ ಬಂದಾಗ ನಮ್ಮ ಮಠಗಳ ಪಡಸಾಲೆಯಲ್ಲಿ ಯಾರ್ಯಾರು ಕೂರುತ್ತಾರೆಂಬುದನ್ನು ಅವರೂ ಬಲ್ಲರು, ನಾನೂ ಬಲ್ಲೆ. ಆ ಮಾತು ಇರಲಿ. ಫ.ಗು. ಹಳಕಟ್ಟಿಯವರನ್ನು ನಾವು ವಚನದ ಓಲೆಗರಿಗಳಿಗಾಗಿ ನೆನೆಯುತ್ತೇವೆ. 1923ರಲ್ಲಿ 'ವಚನಶಾಸ್ತ್ರಸಾರ' ತಂದವರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಹೊರಡಿಸಿದವರು. ಅದೇ ಮನುಷ್ಯ 1912ರಲ್ಲಿ ವಿಜಯಪುರದಲ್ಲಿ ಸಹಕಾರಿ ಬ್ಯಾಂಕು ಕಟ್ಟಿದರು, ಶಾಲೆಗಾಗಿ ಓಡಾಡಿದರು, ನಗರಸಭೆಯಲ್ಲೂ ದುಡಿದರು. ಅವರಿಗೆ ಇವು ಬೇರೆ ಬೇರೆ ಕೆಲಸಗಳಾಗಿ ಕಂಡಿರಲಿಕ್ಕಿಲ್ಲ.

ಪೂಜ್ಯರು ಒಪ್ಪಿದರು. ಮುಂದಿನ ಶಿವಾನುಭವದಲ್ಲಿ ಅರ್ಧ ತಾಸು ಪ್ರವಚನ ಕಡಿಮೆ ಮಾಡಿ ಒಂದು ಅಣಕು ವಾರ್ಡ್ ಸಭೆ ನಡೆಸಿದೆವು. ಅಕ್ಕನ ಬಳಗದ ಹೆಣ್ಣುಮಗಳೊಬ್ಬರು ಅಧ್ಯಕ್ಷೆ, ಇನ್ನೊಬ್ಬರು ನಡಾವಳಿ ಬರೆಯುವವರು. ಮೊದಲ ಕಾಲು ತಾಸು ಏನೂ ನಡೆಯಲಿಲ್ಲ. ಎದ್ದವರೆಲ್ಲ ಅಧ್ಯಕ್ಷೆಗೆ ಬೆನ್ನು ಮಾಡಿ ಪೂಜ್ಯರ ಕಡೆ ತಿರುಗಿ ಕೈಮುಗಿದು, "ಬುದ್ಧೀ, ನೀವ ಒಂದು ಮಾತು ಎಮ್ಮೆಲ್ಲೆ ಸಾಹೇಬ್ರಿಗೆ ಫೋನ್ ಮಾಡಿದ್ರ..." ಎಂದೇ ಶುರು ಮಾಡುತ್ತಿದ್ದರು. ನಮ್ಮ ರೋಗ ಅಲ್ಲೇ ಕಾಣಿಸಿತು. ಹಕ್ಕಿನಿಂದ ಕೇಳಬೇಕಾದದ್ದನ್ನು ನಾವು ಪ್ರಸಾದದಂತೆ ಬೇಡುತ್ತೇವೆ, ಬೇಡಿದವರಿಗಷ್ಟೇ ಸಿಗುತ್ತದೆ, ಮಠದ ಮೆಟ್ಟಿಲು ಹತ್ತದವರಿಗೆ ಅದೂ ಇಲ್ಲ. ಪೂಜ್ಯರು ನಕ್ಕು ಪೀಠದಿಂದ ಇಳಿದು ಚಾಪೆಯ ಮೇಲೆ ಕೂತರು. ಜನ ಅತ್ತಲೇ ತಿರುಗಿದರು. ಕೊನೆಗೆ ಅವರು ಎದ್ದು ದಾಸೋಹದ ಮನೆಗೇ ಹೋಗಿಬಿಟ್ಟರು. ಆಮೇಲೆ ಮಾತು ಹುಟ್ಟಿತು. ಕಲ್ಯಾಣದಲ್ಲಿ ಬಸವಣ್ಣನವರು ಭಂಡಾರಿಯಾಗಿದ್ದೂ ಶೂನ್ಯಪೀಠದಲ್ಲಿ ಪ್ರಭುದೇವರನ್ನು ಕೂರಿಸಿ ತಾವು ಎದುರಿಗೆ ಕುಳಿತದ್ದು ಯಾಕೆಂದು ನನಗೆ ಅಂದು ಸ್ವಲ್ಪ ಹೆಚ್ಚು ತಿಳಿಯಿತು.

ಕಲಿತದ್ದು ದೊಡ್ಡದೇನಲ್ಲ. ಬೇಡಿಕೆಯನ್ನು ಬರೆದು ಕೊಟ್ಟು ಸ್ವೀಕೃತಿ ಪಡೆಯುವುದು. ಹೋದ ಸಭೆಯ ನಡಾವಳಿಯನ್ನು ಮೊದಲು ಓದಿಸುವುದು. ಸಭೆ ಏಳುವ ಮುನ್ನ ಅಂದಿನ ನಡಾವಳಿಯನ್ನು ಗಟ್ಟಿಯಾಗಿ ಓದಿಸಿ ಆಮೇಲೆ ಸಹಿ ಮಾಡುವುದು. ಸದಸ್ಯೆಯ ಬದಲು ಅವರ ಗಂಡ ಉತ್ತರ ಕೊಡಲು ಎದ್ದರೆ, "ಅಕ್ಕಾರು ಹೇಳಲಿ ರೀ" ಎನ್ನುವುದು. ಈ ಕೊನೆಯದನ್ನು ಹೆಣ್ಣುಮಕ್ಕಳು ಮೂರು ಸಲ ಅಭ್ಯಾಸ ಮಾಡಿದರು, ನಕ್ಕೂ ನಕ್ಕೂ. ಕ್ರಿಯಾಯೋಜನೆಯ ಪ್ರತಿ ತಂದು ಓದುವುದು ಮಾತ್ರ ಕಷ್ಟವಾಯಿತು. ಅಂಕಿಗಳ ಮುಂದೆ ಪದವೀಧರರೂ ಸುಮ್ಮನಾದರು. ಕಿರಾಣಿ ಅಂಗಡಿಯ ಲೆಕ್ಕ ಬರೆಯುವ ಹುಡುಗ ಬಿಡಿಸಿ ಹೇಳಿದ.

ಎಲ್ಲ ಮುಗಿದ ಮೇಲೆ ಸುತ್ತ ನೋಡಿದೆ. ಕೆಳಗಿನ ಓಣಿಯಿಂದ ಒಬ್ಬರೂ ಬಂದಿರಲಿಲ್ಲ. ಕರೆದಿದ್ದೆವು, ಡಂಗುರವನ್ನೂ ಹೊಡೆಸಿದ್ದೆವು. ಆದರೆ ಕರೆದದ್ದು ನಮ್ಮ ಮಠಕ್ಕೆ, ನಮ್ಮ ಚಾಪೆಗೆ. ದಾಸೋಹಕ್ಕೆ ಬಂದು ಉಂಡು ಹೋಗುವುದು ಬೇರೆ, ನಮ್ಮ ನಡುವೆ ಕೂತು ನಮ್ಮ ರಸ್ತೆಯ ವಿರುದ್ಧ ಮಾತಾಡುವುದು ಬೇರೆ. ಅಂತರಜಾತಿಯ ಮದುವೆಗಾಗಿ ತಲೆ ಕೊಟ್ಟ ಶರಣರ ಹೆಸರು ಹೇಳುವ ನಮ್ಮ ಬಳಗದಲ್ಲಿ, ಒಂದು ಗಟಾರಿನ ಮಾತಿಗೆ ಅವರಿಗೆ ಧೈರ್ಯ ಬರಲಿಲ್ಲವೆಂದರೆ ಲೋಪ ಅವರದಲ್ಲ.

ಆದ್ದರಿಂದ ಎರಡನೆಯ ಅಭ್ಯಾಸ ಸಭೆಯನ್ನು ಅವರ ಓಣಿಯ ಸರಕಾರಿ ಶಾಲೆಯ ಕಟ್ಟೆಯ ಮೇಲೆ ಇಟ್ಟುಕೊಂಡಿದ್ದೇವೆ. ಅಧ್ಯಕ್ಷತೆ ಅವರದು, ಕಾರ್ಯಸೂಚಿಯೂ ಅವರದೇ. ನಾವು ಹತ್ತು ಜನ ಹೋಗಿ ಕೇಳುತ್ತೇವೆ. ನಗರದ ಓದುಗರು ತಮ್ಮ ವಾರ್ಡ್ ಸಮಿತಿಗಳ ಬಗ್ಗೆ ಕೇಳಿದ್ದಾರೆ. ಅಲ್ಲಿನ ಕಾನೂನು ಬೇರೆ, ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ. ನಿಮ್ಮ ಊರಿನ ಮಠದಲ್ಲಿ ಇಂಥ ಪ್ರಯತ್ನ ನಡೆದಿದ್ದರೆ, ಸೋತಿದ್ದರೂ ಸರಿ, ಬರೆದು ತಿಳಿಸಿ.

ಶಾಲೆಯ ಕಟ್ಟೆಯ ಸಭೆಗೆ ಬನ್ನಿರೆಂದು ಆ ತಾಯಿಯ ಮನೆಗೆ ನಾನೇ ಹೋಗಿದ್ದೆ. ಬಾಗಿಲ ಮುಂದಿನ ನೀರು ದಾಟಲು ಎರಡು ಕಲ್ಲು ಇಟ್ಟಿದ್ದಾರೆ. ಹಾಜರಿಯ ಆ ನಕಲು ಗೂಡಿನಲ್ಲಿ ಇನ್ನೂ ಇದೆ. ಬರುತ್ತೇನೆಂದು ಅವರು ಹೇಳಲಿಲ್ಲ. "ನೋಡೋಣ ತಗೋರಿ ಸರ" ಎಂದರು.