ಎತ್ತರವೊಂದೇ ಸಾಲದು

ಮನ್ಮನೆ, ಸಿದ್ದಾಪುರದ ಕಡೆ ಹುಡುಗನೊಬ್ಬ ತುಸು ಉದ್ದ ಬೆಳೆದರೆ ಸಾಕು, ‘ಇವನಿದ್ದರೆ ಅಡಿಕೆ ಕೊಯ್ಯಲು ಕೊನೆಗೌಡನೇ ಬೇಡ’ ಎಂದು ನಗೆಯಾಡುವವರು ಇದ್ದೇ ಇರುತ್ತಾರೆ. ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋ ಕೆ ಎಂಬ ಹಳ್ಳಿಯಲ್ಲಿ 1995ರ ಡಿಸೆಂಬರ್ 10ರಂದು ಹುಟ್ಟಿದ ಸತ್ನಾಮ್ ಸಿಂಗ್ ಭಾಮರಾ ಅಂಥದೇ ಹುಡುಗ. ತಂದೆಗೆ ಬೇಸಾಯ, ಜೊತೆಗೊಂದು ಹಿಟ್ಟಿನ ಗಿರಣಿ. ಬಾಸ್ಕೆಟ್‌ಬಾಲ್ ಆಡುವ ಅವಕಾಶ ಎತ್ತರದ ಆಳಾದ ಆ ತಂದೆಗೂ ಇತ್ತು. ಹಿರಿಯರು ಹೊಲ ಬಿಡಲು ಒಪ್ಪಲಿಲ್ಲ. ತನಗೆ ತಪ್ಪಿದ್ದು ಮಗನಿಗೆ ತಪ್ಪಬಾರದೆಂದು ಅವನನ್ನು ಲುಧಿಯಾನದ ಅಕಾಡೆಮಿಗೆ ಸೇರಿಸಿದರು. ಅಲ್ಲಿ ತರಬೇತುದಾರ ಸುಬ್ರಮಣಿಯನ್ ಅವನನ್ನು ಪಳಗಿಸಿದರು.

2010ರಲ್ಲಿ, 14ರ ವಯಸ್ಸಿಗೆ, ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಫ್ಲೋರಿಡಾದಲ್ಲಿರುವ ಐಎಂಜಿ ಅಕಾಡೆಮಿಗೆ ಹೋಗುವ ಯೋಗ ಬಂತು. ಆಗ ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಚೆಂಡಿನ ಜೊತೆಗೆ ಭಾಷೆ, ಊಟ, ಪಾಠ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಯಿತು.

ಅಮೆರಿಕದ ಎನ್‌ಬಿಎ ಲೀಗಿನಲ್ಲಿ 30 ತಂಡಗಳಿವೆ. ಅವು ಪ್ರತಿವರ್ಷ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ. 2015ರ ಜೂನ್ 25ರಂದು 60 ಮಂದಿಯ ಪಟ್ಟಿಯಲ್ಲಿ 52ನೆಯವನಾಗಿ ಡಲ್ಲಾಸ್ ಮ್ಯಾವರಿಕ್ಸ್ ತಂಡ ಸತ್ನಾಮನನ್ನು ಆರಿಸಿತು. ಭಾರತದಲ್ಲಿ ಹುಟ್ಟಿದವರಿಗೆ ಅದೇ ಮೊದಲು. ಆಗ ಅವನ ಎತ್ತರ 7 ಅಡಿ 2 ಅಂಗುಲ, ತೂಕ ಸುಮಾರು 130 ಕಿಲೋ.

ಬುಟ್ಟಿಯ ಬಳೆ ನೆಲದಿಂದ 10 ಅಡಿ ಮೇಲಿರುತ್ತದೆ. ಇಷ್ಟು ಎತ್ತರದವನಿಗೆ ಇನ್ನೇನು ಕಷ್ಟ ಎನಿಸಬಹುದು. ಇಲ್ಲೊಂದು ಸರಳ ಲೆಕ್ಕವಿದೆ. ಐದೂವರೆ ಅಡಿಯ ಮನುಷ್ಯನನ್ನು ಅದೇ ಅಳತೆಯಲ್ಲಿ 7 ಅಡಿ 2 ಅಂಗುಲಕ್ಕೆ ಹಿಗ್ಗಿಸಿದರೆ ಎತ್ತರ 1.3 ಪಟ್ಟು ಆಗುತ್ತದೆ. ತೂಕವಾದರೋ ಎತ್ತರದ ಘನದಂತೆ ಏರಿ 2.2 ಪಟ್ಟು ದಾಟುತ್ತದೆ. ಭಾರ ಹೊರುವ ಮೂಳೆಯ ಅಡ್ಡಕೊಯ್ತ ಮಾತ್ರ ವರ್ಗದಂತೆ ಏರುವುದರಿಂದ 1.7 ಪಟ್ಟಿಗೇ ನಿಲ್ಲುತ್ತದೆ. ಅಂದರೆ ಮಂಡಿಯ ಮೇಲೆ ಹೊರೆ ಹೆಚ್ಚು. ಓಡಲು, ತಟ್ಟನೆ ತಿರುಗಲು ಶ್ರಮ ಹೆಚ್ಚು. ಈಚಿನ ವರ್ಷಗಳಲ್ಲಿ ದೂರದಿಂದ ಎಸೆದು ಮೂರು ಅಂಕ ಗಳಿಸುವ ಆಟ ಬೆಳೆದಂತೆ, ದೊಡ್ಡ ದೇಹದವರಿಂದಲೂ ಚುರುಕು ಓಟವನ್ನೇ ತಂಡಗಳು ಬಯಸುತ್ತವೆ.

ಸತ್ನಾಮ್ ಎರಡು ವರ್ಷ ಟೆಕ್ಸಾಸ್ ಲೆಜೆಂಡ್ಸ್ ಎಂಬ ಕೆಳಹಂತದ ತಂಡದಲ್ಲಿ ಆಡಿದ. ಎನ್‌ಬಿಎ ಲೀಗ್ ಪಂದ್ಯವೊಂದರಲ್ಲೂ ಆಡುವ ಅವಕಾಶ ಬರಲಿಲ್ಲ. ಮುಂದೆ ಕೆನಡಾದ ಸೇಂಟ್ ಜಾನ್ಸ್ ಎಡ್ಜ್ ತಂಡಕ್ಕೂ ಆಡಿದ.

ದೊಡ್ಡ ಪೆಟ್ಟು ಬಿದ್ದದ್ದು 2019ರಲ್ಲಿ. ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕಾಗಿ ಬೆಂಗಳೂರಿನಲ್ಲಿ ಶಿಬಿರ ನಡೆದಾಗ ಮಾಡಿದ ಪರೀಕ್ಷೆಯಲ್ಲಿ ಹಿಜೆನಮೈನ್ ಎಂಬ ನಿಷೇಧಿತ ವಸ್ತು ಕಂಡುಬಂತು. 2020ರ ಡಿಸೆಂಬರಿನಲ್ಲಿ ಎರಡು ವರ್ಷದ ನಿಷೇಧ ಪ್ರಕಟವಾಯಿತು. ಶ್ವಾಸನಾಳವನ್ನು ಹಿಗ್ಗಿಸಬಲ್ಲ ಈ ವಸ್ತು ಕೆಲವು ಗಿಡಗಳಲ್ಲಿ ಸಹಜವಾಗಿಯೇ ಇರುತ್ತದೆ. ಶಕ್ತಿವರ್ಧಕವೆಂದು ಮಾರುವ ಕೆಲವು ಪುಡಿ, ಗುಳಿಗೆಗಳಲ್ಲೂ ಸೇರಿರುತ್ತದೆ. ‘ಗಿಡಮೂಲಿಕೆಯದು, ಏನೂ ಆಗದು’ ಎಂಬ ನಂಬಿಕೆ ಕ್ರೀಡಾಪಟುವನ್ನು ಕಾಯುವುದಿಲ್ಲ. ಮೈಯೊಳಗೆ ಹೋದದ್ದಕ್ಕೆ ಅವನೇ ಹೊಣೆ ಎನ್ನುತ್ತದೆ ನಿಯಮ.

ಸತ್ನಾಮ್ ಕೈಕಟ್ಟಿ ಕೂರಲಿಲ್ಲ. 2021ರಲ್ಲಿ ಅಮೆರಿಕದ ವೃತ್ತಿಪರ ಕುಸ್ತಿ ಸಂಸ್ಥೆಯೊಂದನ್ನು ಸೇರಿ ಬದುಕಿಗೆ ಬೇರೆ ದಾರಿ ಮಾಡಿಕೊಂಡ.

ಆಟವಾಡುವ ಮಕ್ಕಳನ್ನು ಪಾಲಕರು ತಡೆಯಬೇಕಿಲ್ಲ; ತಡೆಯುವುದು ಸರಿಯೂ ಅಲ್ಲ. ಆದರೆ 60 ಮಂದಿಯ ಪಟ್ಟಿಯಲ್ಲಿ ಹೆಸರು ಬಂದ ಮೇಲೂ ಆಟ ಕೈಬಿಡಬಹುದು. ಆ ದಿನಕ್ಕಾಗಿ ಪುಸ್ತಕ ಕೈಯಲ್ಲಿರಲಿ. ಯಾರೋ ಕೊಟ್ಟ ಡಬ್ಬಿಯ ಪುಡಿಯನ್ನು ಹಾಲಿಗೆ ಕಲಸುವ ಮೊದಲು, ಅದರ ಮೇಲಿನ ಸಣ್ಣ ಅಕ್ಷರಗಳನ್ನು ಮಕ್ಕಳೂ ಪಾಲಕರೂ ಕೂಡಿ ಓದಲಿ. ಅರ್ಥವಾಗದಿದ್ದರೆ ವೈದ್ಯರನ್ನು ಕೇಳಲಿ.