ಮೊಹರು ಒಡೆಯದ ಆಟಿಕೆ

ಡೆನ್ಮಾರ್ಕಿನ ಲೆಗೊ ಸಂಸ್ಥೆ 1958ರಲ್ಲಿ ರೂಪಿಸಿದ ಪ್ಲಾಸ್ಟಿಕ್ ಇಟ್ಟಿಗೆ ಇಂದಿನ ಇಟ್ಟಿಗೆಯೊಡನೆಯೂ ಕೂಡಿಕೊಳ್ಳುತ್ತದೆ. ಮಕ್ಕಳಿಗಾಗಿ ಹುಟ್ಟಿದ ಈ ಆಟಿಕೆಯನ್ನು ಈಗ ವಯಸ್ಕರೂ ತಮಗಾಗಿ ಕೊಳ್ಳುತ್ತಾರೆ. ಪುಣೆಯಲ್ಲಿ ದಿನವಿಡೀ ಗಣಕಯಂತ್ರದ ಮುಂದೆ ದಣಿದವನು ರಾತ್ರಿ ಕುಳಿತು ಇಟ್ಟಿಗೆ ಜೋಡಿಸಿದರೆ ನಗಬೇಕಾದುದಿಲ್ಲ. ಕೈಗೆ ಕೆಲಸ, ಮನಸ್ಸಿಗೆ ಬಿಡುವು.

ಆದರೆ ತಯಾರಿಕೆ ನಿಂತ ಮೇಲೆ ಬೆಲೆ ಏರುವುದೆಂದು ಪೆಟ್ಟಿಗೆಗಳನ್ನು ಕೊಂಡು, ಮೊಹರು ಒಡೆಯದೆ ಕಪಾಟಿನಲ್ಲಿರಿಸಿ, ಮರುಮಾರಾಟಕ್ಕೆ ಕಾಯುವವರೂ ಇದ್ದಾರೆ. ಅದು ವ್ಯಾಪಾರ, ತಪ್ಪಲ್ಲ. ಆದರೆ ಎಲ್ಲದರ ಬೆಲೆಯೂ ಏರದು. ಅದೇ ಮಾದರಿ ಮತ್ತೆ ಹೊರಬಂದರೆ ಹಳೆಯದರ ಬೆಲೆ ಇಳಿಯಲೂಬಹುದು. ಅಲ್ಲಿಯವರೆಗೆ ಆ ಮನೆಯ ಮಗು ಆಟಿಕೆಯ ಎದುರಿನಲ್ಲಿಯೇ 'ಮುಟ್ಟಬೇಡ' ಎಂಬ ಮಾತನ್ನು ಕೇಳುತ್ತ ಬೆಳೆಯಬೇಕು.

ಸಂಗ್ರಹಕ್ಕೆ ಬೇರೊಂದು ದಾರಿಯೂ ಉಂಟೆಂಬುದನ್ನು ಪುಣೆಯೇ ತೋರಿಸಿದೆ. ದಿನಕರ ಕೇಳ್ಕರ್ (1896–1990) ಅವರು ಊರೂರು ಅಲೆದು ದೀಪ, ಅಡಕತ್ತರಿ, ಆಟಿಕೆಗಳನ್ನು ಕೂಡಿಸಿದರು. ಬಾಲ್ಯದಲ್ಲಿಯೇ ತೀರಿಕೊಂಡ ಮಗ ರಾಜಾನ ಹೆಸರನ್ನು ಆ ಸಂಗ್ರಹಕ್ಕಿಟ್ಟು ಸರ್ಕಾರಕ್ಕೆ ಒಪ್ಪಿಸಿದರು. ಕೋಥ್ರೂಡಿನಿಂದ ತಂದ ಮಸ್ತಾನಿ ಮಹಲಿನ ಭಾಗಗಳನ್ನು ಆ ವಸ್ತುಸಂಗ್ರಹಾಲಯದಲ್ಲಿ ಮರಳಿ ಜೋಡಿಸಲಾಗಿದೆ. ಒಬ್ಬರು ಕೂಡಿಸಿದುದು ಹೀಗೆ ಎಲ್ಲರದಾಯಿತು.

ಅಷ್ಟು ದೊಡ್ಡ ತ್ಯಾಗ ಎಲ್ಲರಿಂದಲೂ ಆಗದು. ಹತ್ತು ಪೆಟ್ಟಿಗೆಗಳನ್ನು ಕಾದಿರಿಸಿದವರು ಒಂದನ್ನಾದರೂ ಮಕ್ಕಳೊಡನೆ ಕುಳಿತು ತೆರೆಯಲಿ. ಮೂರು ವರ್ಷದೊಳಗಿನ ಕೂಸಿನ ಕೈಗೆ ಮಾತ್ರ ಸಣ್ಣ ತುಂಡು ಸಿಗಬಾರದು, ಗಂಟಲಿಗೆ ಸಿಕ್ಕೀತು. ಉಳಿದ ಮಕ್ಕಳೊಡನೆ ಇಟ್ಟಿಗೆ ಎಣಿಸುತ್ತ, ಬಣ್ಣ ಹೆಸರಿಸುತ್ತ ಒಂದು ಸಂಜೆ ಕಳೆದರೆ, ಪರಭಾಷೆಯ ನಗರದಲ್ಲಿ ಬೆಳೆಯುವ ಆ ಮಕ್ಕಳಿಗೆ ಅಷ್ಟು ಹೊತ್ತು ಕನ್ನಡವೂ ದಕ್ಕುತ್ತದೆ.